ಮಸಾಯಿ ಮಾರಾಕ್ಕೆ ಹದಿನಾಲ್ಕು ಮಂದಿ: ಈ ಯೋಜನೆ ಸರಿಯಿದೆಯೇ?

ಕುಕ್ಕರಹಳ್ಳಿ ಕೆರೆ:
ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಬೆಳಗಿನ ನಡಿಗೆಯ ಬಳಗ ಬರುವ ವರ್ಷ ಆಗಸ್ಟ್‌ನಲ್ಲಿ ಕೀನ್ಯಾ ಸಫಾರಿಗೆ ಹೋಗುವುದೆಂದು ತೀರ್ಮಾನಿಸಿದೆ. ಒಟ್ಟು ಹದಿನಾಲ್ಕು ಮಂದಿ. ಎಲ್ಲರಿಗಿಂತ ಹಿರಿಯರಿಗೆ 71, ಎಲ್ಲರಿಗಿಂತ ಚಿಕ್ಕವನಿಗೆ 9. ಮೂವರ ಬಳಿ ತೋಳುದ್ದದ ಲೆನ್ಸುಗಳಿವೆ, ಉಳಿದವರಿಗೆ ಮೊಬೈಲೇ ಸಾಕು. ಪ್ರವಾಸದ ಏಜೆಂಟರು ಕೊಟ್ಟ ಯೋಜನೆ ಹೀಗಿದೆ: ನೈರೋಬಿಯಲ್ಲಿ ಇಳಿದ ದಿನವೇ ಅಂಬೋಸೆಲಿ, ಅಲ್ಲಿ ಒಂದು ರಾತ್ರಿ; ಮರುದಿನ ನಕುರು ಸರೋವರ, ಒಂದು ರಾತ್ರಿ; ನಂತರ ನೈವಾಶಾ, ಒಂದು ರಾತ್ರಿ; ಕೊನೆಗೆ ಮಸಾಯಿ ಮಾರಾದಲ್ಲಿ ಎರಡು ರಾತ್ರಿ ಕಳೆದು ವಾಪಸು. ಏಳೇಳು ಮಂದಿಗೆ ಒಂದರಂತೆ ಎರಡು ವ್ಯಾನು. ‘ಬಿಗ್ ಫೈವ್ ಖಾತರಿ, ವಲಸೆಯ ಪ್ರಾಣಿಗಳು ನದಿ ದಾಟುವ ದೃಶ್ಯ ಖಾತರಿ’ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಮುಂಗಡ ಕಟ್ಟುವ ಮೊದಲು ಹೋಗಿ ಬಂದವರ ಮಾತು ಕೇಳೋಣವೆಂದು ಬರೆಯುತ್ತಿದ್ದೇನೆ. ಮುಲಾಜಿಲ್ಲದೆ ಹೇಳಿ.

ನೈರೋಬಿ ನಿವಾಸಿ:
ಮುಲಾಜು ಬೇಡವೆಂದಿರಿ, ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ಈ ಯೋಜನೆ ಹಾಕಿದವರು ಭೂಪಟದ ಮೇಲೆ ಬೆರಳಾಡಿಸಿದ್ದಾರೆಯೇ ಹೊರತು ರಸ್ತೆಯ ಮೇಲೆ ಗಾಡಿ ಓಡಿಸಿದಂತಿಲ್ಲ. ಅಂಬೋಸೆಲಿ ನೈರೋಬಿಯ ದಕ್ಷಿಣಕ್ಕೆ, ತಾಂಜಾನಿಯಾ ಗಡಿಯ ಬಳಿ ಇದೆ. ನಕುರು ಇರುವುದು ವಾಯವ್ಯಕ್ಕೆ. ಒಂದರಿಂದ ಇನ್ನೊಂದಕ್ಕೆ ಹೋಗುವವರು ಸಾಮಾನ್ಯವಾಗಿ ನೈರೋಬಿಯನ್ನು ಹಾದೇ ಹೋಗುತ್ತಾರೆ. ನಗರದ ದಟ್ಟಣೆಯೂ ಸೇರಿದರೆ ಒಂದು ಹಗಲು ಪೂರ್ತಿ ಅದರಲ್ಲೇ ಮುಗಿಯುತ್ತದೆ. ನೈವಾಶಾದಿಂದ ನಾರೋಕ್ ಪಟ್ಟಣದ ಮೂಲಕ ಮಾರಾ ತಲುಪಲು ಮತ್ತೊಂದು ಅರ್ಧ ದಿನ. ವಿಮಾನದಲ್ಲಿ ನಿದ್ದೆಗೆಟ್ಟು ಬಂದಿಳಿದ 71ರ ಹಿರಿಯರನ್ನು ಅದೇ ದಿನ ನಾಲ್ಕೈದು ಗಂಟೆ ವ್ಯಾನಿನಲ್ಲಿ ಕೂರಿಸುವುದಕ್ಕೆ ಪ್ರವಾಸವೆಂದು ಹೆಸರಿಡಬಾರದು.

ಇನ್ನು ಖಾತರಿಯ ಮಾತು. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ: ‘ಬಿಗ್ ಫೈವ್’ ಎಂಬ ಈ ಐದರ ಪಟ್ಟಿ ಮಾಡಿದವರು ಹಿಂದಿನ ಕಾಲದ ಬೇಟೆಗಾರರು. ಕಾಲ್ನಡಿಗೆಯಲ್ಲಿ ಬೇಟೆಯಾಡಲು ಯಾವುದು ಹೆಚ್ಚು ಅಪಾಯ ಎಂಬ ಲೆಕ್ಕ ಅದು. ಕೀನ್ಯಾ 1977ರಲ್ಲಿ ಬೇಟೆಯನ್ನೇ ನಿಷೇಧಿಸಿತು, ಪಟ್ಟಿ ಮಾತ್ರ ಕರಪತ್ರಗಳಲ್ಲಿ ಉಳಿದುಕೊಂಡಿತು. ಅಂಬೋಸೆಲಿಯಲ್ಲಿ ಘೇಂಡಾಮೃಗವಿಲ್ಲ. ಮಾರಾದಲ್ಲಿ ಕಪ್ಪು ಘೇಂಡಾಮೃಗಗಳಿವೆ, ಆದರೆ ಕಡಿಮೆ, ಅವೂ ಪೊದೆ ಬಿಟ್ಟು ಹೊರಬರಲು ಒಲ್ಲೆನ್ನುತ್ತವೆ. ನಕುರುವಿನಲ್ಲಿ ಬಿಳಿ, ಕಪ್ಪು ಎರಡೂ ಇವೆ, ಅಲ್ಲಿ ಕಾಣುವ ಸಾಧ್ಯತೆ ಚೆನ್ನಾಗಿದೆ. ಚಿರತೆ ಯಾರ ಮಾತನ್ನೂ ಕೇಳುವುದಿಲ್ಲ. ಏಜೆಂಟರಿಗೆ ಒಂದೇ ಪ್ರಶ್ನೆ ಹಾಕಿ: ಕಾಣದಿದ್ದರೆ ಹಣ ಹಿಂದಿರುಗಿಸುವುದಾಗಿ ಬರೆದುಕೊಡುತ್ತೀರಾ?

ನನ್ನ ಸಲಹೆ: ಅಂಬೋಸೆಲಿ ಅಥವಾ ನಕುರು, ಎರಡರಲ್ಲಿ ಒಂದನ್ನು ಬಿಡಿ. ಮಾರಾದಲ್ಲಿ ಕನಿಷ್ಠ ಮೂರು ರಾತ್ರಿ ಇರಲಿ, ನಾಲ್ಕಾದರೆ ಇನ್ನೂ ಒಳ್ಳೆಯದು.

ಹಿನ್ನೀರು:
ನನ್ನ ಪ್ರಶ್ನೆಯೇ ಬೇರೆ. ಮೈಸೂರಿನಿಂದ ಕಬಿನಿಗೆ ಎರಡು ಗಂಟೆಯೂ ಬೇಡ. ಹುಲಿ, ಚಿರತೆ, ಕಾಟಿ, ಸೀಳುನಾಯಿ, ಬೇಸಿಗೆಯಲ್ಲಿ ಹಿನ್ನೀರಿಗೆ ಇಳಿದು ಬರುವ ಆನೆಹಿಂಡು, ಎಲ್ಲವೂ ಇಲ್ಲೇ ಇದೆ. ಹುಲಿಯೇ ಇಲ್ಲದ ಖಂಡಕ್ಕೆ ಇಷ್ಟು ಲಕ್ಷ ಸುರಿದು ಹೋಗುವ ಅಗತ್ಯವೇನು? ಅಲ್ಲಿನ ವಿಡಿಯೊಗಳನ್ನು ನೋಡಿದ್ದೇನೆ. ಮಲಗಿರುವ ಒಂದು ಸಿಂಹದ ಸುತ್ತ ದೇವರಾಜ ಮಾರುಕಟ್ಟೆಯ ಮುಂದಿನ ಆಟೋ ನಿಲ್ದಾಣದಂತೆ ಗಾಡಿಗಳು ನಿಂತಿರುತ್ತವೆ.

ಹಕ್ಕಿಗಣ್ಣು:
ಹಿನ್ನೀರು ಅವರೇ, ಕಬಿನಿಯ ಅಭಿಮಾನ ನನಗೂ ಇದೆ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ನಮ್ಮ ಕಾಡಿನಲ್ಲಿ ಪ್ರಾಣಿ ಕಾಣುವುದು ಅದು ರಸ್ತೆ ದಾಟುವಷ್ಟು ಹೊತ್ತು. ಎಚ್ಚರಿಕೆಯ ಕೂಗು ಕೇಳಿ ಎದೆ ಹೊಡೆದುಕೊಳ್ಳುವುದು, ಲಂಟಾನದ ಸಂದಿನಲ್ಲಿ ಒಂದು ಪಟ್ಟೆ ಕಾಣಿಸಿ ಮರೆಯಾಗುವುದು, ಅದರ ರುಚಿಯೇ ಬೇರೆ. ಹುಲ್ಲುಗಾವಲಿನಲ್ಲಿ ಮರೆ ಎಂಬುದೇ ಕಡಿಮೆ. ಅಲ್ಲಿ ನೀವು ನೋಡುವುದು ಪ್ರಾಣಿಯನ್ನಷ್ಟೇ ಅಲ್ಲ, ಅದರ ದಿನಚರಿಯನ್ನು.

ಒಂದು ಚೀತಾ ಹುತ್ತದ ಮೇಲೆ ಹತ್ತಿ ಕುಳಿತು ಬಯಲನ್ನು ಅಳೆಯುತ್ತದೆ. ಮುಂದೇನು? ಬಹಳ ಹೊತ್ತು ಏನೂ ಇಲ್ಲ. ಇಳಿಯುತ್ತದೆ, ಮಲಗುತ್ತದೆ, ಮತ್ತೆ ಏಳುತ್ತದೆ. ಥಾಮ್ಸನ್ ಜಿಂಕೆಗಳು ಅದನ್ನು ನೋಡಿಯೂ ಓಡುವುದಿಲ್ಲ, ಎಷ್ಟು ದೂರದವರೆಗೆ ತಮಗೆ ಅಪಾಯವಿಲ್ಲ ಎಂಬ ಅಳತೆ ಅವಕ್ಕೆ ಇದೆ. ಬೇಟೆಗಾರ ತಲೆ ತಗ್ಗಿಸಿ ಹೆಜ್ಜೆ ಹಾಕತೊಡಗಿದ ಕ್ಷಣದಿಂದ ಓಟ ಮುಗಿಯುವವರೆಗೂ ಎಲ್ಲ ನಿಮ್ಮ ಕಣ್ಣೆದುರಿಗೇ ನಡೆಯುತ್ತದೆ. ಓಟ ಒಂದು ನಿಮಿಷವೂ ಇರುವುದಿಲ್ಲ. ಆಮೇಲೆ ಏದುಸಿರು ಬಿಡುತ್ತಾ ಕೂರುವ ಚೀತಾದಿಂದ ಕತ್ತೆಕಿರುಬ ಬಂದು ಊಟ ಕಸಿದುಕೊಂಡು ಹೋಗುವುದೂ ಉಂಟು. ನಮ್ಮ ದೇಶದಲ್ಲಿ ಚೀತಾ ಅಳಿದಿದೆ ಎಂದು 1952ರಲ್ಲೇ ಘೋಷಿಸಿದ್ದರು. 2022ರಲ್ಲಿ ನಮೀಬಿಯಾದಿಂದ ಎಂಟು, ಮರುವರ್ಷ ದಕ್ಷಿಣ ಆಫ್ರಿಕಾದಿಂದ ಹನ್ನೆರಡನ್ನು ಮಧ್ಯಪ್ರದೇಶದ ಕುನೊ ಕಾಡಿಗೆ ತಂದರು. ಆ ಪ್ರಾಣಿಯ ಬದುಕಿಗೆ ಎಷ್ಟು ವಿಸ್ತಾರವಾದ ಬಯಲು ಬೇಕು ಎಂಬುದು ಮಾರಾ ನೋಡಿದ ಮೇಲೆ ಅರ್ಥವಾಗುತ್ತದೆ.

ಆನೆಗಳ ವಿಷಯವೂ ಹಾಗೆಯೇ. ನಮ್ಮಲ್ಲಿ ದಂತ ಕಂಡರೆ ಸಲಗ ಎನ್ನುತ್ತೇವೆ. ಅಲ್ಲಿ ಹೆಣ್ಣಾನೆಗೂ ದಂತ ಇರುತ್ತದೆ, ಮೊದಲ ದಿನ ಎಲ್ಲರೂ ಗಂಡು ಹೆಣ್ಣು ಗೊತ್ತಾಗದೆ ತಬ್ಬಿಬ್ಬಾಗುತ್ತಾರೆ. ಅಂಬೋಸೆಲಿಯ ಆನೆ ಕುಟುಂಬಗಳನ್ನು ಸಂಶೋಧಕಿ ಸಿಂಥಿಯಾ ಮಾಸ್ ಮತ್ತು ಅವರ ತಂಡದವರು 1972ರಿಂದ ಒಂದೊಂದನ್ನೂ ಗುರುತಿಟ್ಟು ದಾಖಲಿಸುತ್ತಾ ಬಂದಿದ್ದಾರೆ.

ಹಕ್ಕಿಗಳ ಬಗ್ಗೆ ಒಂದು ಮಾತು ಸೇರಿಸದಿದ್ದರೆ ನನಗೆ ನಿದ್ದೆ ಬಾರದು. ನಮ್ಮ ರಾಜ್ಯಪಕ್ಷಿ ನೀಲಕಂಠದ ಸೋದರಸಂಬಂಧಿ ಅಲ್ಲಿನ ಜಾಲಿ ಮರಗಳ ತುದಿಯಲ್ಲಿ ಕುಳಿತಿರುತ್ತದೆ. ಎದೆಗೆ ನೇರಳೆ ಬಣ್ಣ, ಬಾಲದ ಅಂಚಿನಲ್ಲಿ ಎರಡು ಉದ್ದನೆಯ ಗರಿ. ಮುಂಗಾರಿನ ಜೊತೆಗೆ ನಮ್ಮ ಬಯಲುಗಳಿಗೆ ಬರುವ ಚಾತಕಗಳಲ್ಲಿ ಹಲವು ಹಾರಿ ಬರುವುದೂ ಆಫ್ರಿಕಾ ಕಡೆಯಿಂದಲೇ.

ಹಿನ್ನೀರು:
ಹುಲಿ ಇಲ್ಲ ಎಂಬ ನನ್ನ ತಕರಾರು ಹಾಗೇ ಇರಲಿ. ಮುಂದುವರಿಸಿ, ಓದುತ್ತಿದ್ದೇನೆ.

ಕುಕ್ಕರಹಳ್ಳಿ ಕೆರೆ:
ನೈರೋಬಿಯವರ ಮಾತು ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ, ಅರ್ಧ ಜನ ಏಜೆಂಟರ ಮೇಲೆ ಕೆಂಡವಾಗಿದ್ದಾರೆ. ಆಗಸ್ಟ್ ಎಂದು ನಾವು ಆರಿಸಿದ್ದು ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ವಲಸೆ ನೋಡಲು. ಅದು ಸರಿಯೇ? ಫೆಬ್ರುವರಿ ಚೆನ್ನ ಎಂದು ಒಬ್ಬರು ಹೇಳುತ್ತಿದ್ದಾರೆ.

ಮಳೆಮಾಪಕ:
ವಲಸೆ ಎಂಬುದು ಒಂದು ದಿನದ ಜಾತ್ರೆಯಲ್ಲ, ವರ್ಷವಿಡೀ ನಡೆಯುವ ಸುತ್ತು. ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ ಮತ್ತು ಜಿಂಕೆಗಳು, ಮಳೆ ಎಲ್ಲಿ ಬಿದ್ದು ಎಲ್ಲಿ ಹುಲ್ಲು ಚಿಗುರಿದೆಯೋ ಅತ್ತ ಸಾಗುತ್ತವೆ. ಈ ಸುತ್ತಿನ ಬಹುಪಾಲು ಇರುವುದು ತಾಂಜಾನಿಯಾದ ಸೆರೆಂಗೆಟಿಯಲ್ಲಿ. ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 14,763 ಚದರ ಕಿಲೋಮೀಟರ್. ಮಸಾಯಿ ಮಾರಾ ಮೀಸಲು ಪ್ರದೇಶ ಸುಮಾರು 1,510. ಕೀನ್ಯಾದ ಪಾಲಿಗೆ ಬರುವುದು ಸುತ್ತಿನ ಉತ್ತರದ ತುದಿ ಮಾತ್ರ, ಸಾಮಾನ್ಯವಾಗಿ ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ.

ಫೆಬ್ರುವರಿ ಎಂದವರು ಹೇಳಿದ್ದು ಕರು ಹಾಕುವ ಕಾಲದ ಬಗ್ಗೆ ಇರಬೇಕು. ಅದು ನಡೆಯುವುದು ಸೆರೆಂಗೆಟಿಯ ದಕ್ಷಿಣದಲ್ಲಿ, ನ್ಡುಟು ಸುತ್ತಮುತ್ತಲಿನ ಗಿಡ್ಡ ಹುಲ್ಲಿನ ಬಯಲಿನಲ್ಲಿ. ಅಲ್ಲಿಗೇ ಏಕೆ ಹೋಗುತ್ತವೆ ಎಂದರೆ, ಆ ನೆಲದಲ್ಲಿ ಜ್ವಾಲಾಮುಖಿಗಳ ಬೂದಿ ಬೆರೆತಿದೆ. ಹುಲ್ಲಿನಲ್ಲಿ ಸುಣ್ಣ, ರಂಜಕದ ಅಂಶ ಹೆಚ್ಚು, ಹಾಲೂಡಿಸುವ ತಾಯಿಗೆ ಅದು ಬೇಕು. ಹುಲ್ಲು ಗಿಡ್ಡವಾದ್ದರಿಂದ ಸಿಂಹ ಅಡಗಲು ಜಾಗವಿಲ್ಲ. ಬಹುಪಾಲು ಕರುಗಳು ಎರಡು ಮೂರು ವಾರಗಳ ಒಳಗೇ ಹುಟ್ಟುತ್ತವೆ, ಒಂದೇ ಕಾಲಕ್ಕೆ ಅಷ್ಟು ಕರುಗಳಿದ್ದರೆ ಕತ್ತೆಕಿರುಬಗಳು ಎಷ್ಟು ತಿಂದರೂ ಹೆಚ್ಚಿನವು ಉಳಿಯುತ್ತವೆ. ನನ್ನನ್ನು ಕೇಳಿದರೆ ನದಿ ದಾಟುವುದಕ್ಕಿಂತ ಇದೇ ಹೆಚ್ಚಿನ ನೋಟ. ಆದರೆ ಅದಕ್ಕೆ ತಾಂಜಾನಿಯಾಕ್ಕೆ ಹೋಗಬೇಕು, ಅರೂಷಾದಿಂದ ಹೊರಟರೆ ಎನ್ಗೊರೊಂಗೊರೊ ಕುಳಿಯೂ ದಾರಿಯಲ್ಲೇ ಸಿಗುತ್ತದೆ. ಒಂಬತ್ತರ ಹುಡುಗನಿಗೆ ಫೆಬ್ರುವರಿಯಲ್ಲಿ ಶಾಲೆ ಬಿಡಿಸುವುದು ನಿಮ್ಮ ತಲೆನೋವು.

ನದಿ ದಾಟುವುದರ ಬಗ್ಗೆ: ಅದಕ್ಕೆ ವೇಳಾಪಟ್ಟಿ ಇಲ್ಲ, ನಾಯಕನೂ ಇಲ್ಲ. ಸಾವಿರಾರು ಪ್ರಾಣಿಗಳು ದಡಕ್ಕೆ ಬರುತ್ತವೆ, ನೀರು ಮೂಸುತ್ತವೆ, ಯಾವುದೋ ಒಂದು ಬೆದರಿದರೆ ಎಲ್ಲವೂ ಹಿಂತಿರುಗಿ ಓಡುತ್ತವೆ. ನಾಲ್ಕು ಗಂಟೆ ಕಾದು ಕೊನೆಗೆ ಏನೂ ಆಗದೆ ಹೊರಟವರು ಎಷ್ಟೋ ಮಂದಿ. ಮೊಸಳೆಗಳ ಚಿತ್ರಗಳನ್ನು ನೋಡಿ ಸಾವೆಲ್ಲ ಅವುಗಳಿಂದಲೇ ಎಂದು ನಾವು ತಿಳಿಯುತ್ತೇವೆ. ನಿಜವಾಗಿ ನೂಕುನುಗ್ಗಲಿನಲ್ಲಿ ಮುಳುಗಿ ಸಾಯುವುದೇ ಹೆಚ್ಚು. ಮಾರಾ ನದಿಯಲ್ಲಿ ಹೀಗೆ ವರ್ಷಕ್ಕೆ ಸರಾಸರಿ ಆರು ಸಾವಿರಕ್ಕೂ ಹೆಚ್ಚು ಸಾಯುತ್ತವೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ರಣಹದ್ದು, ಕೊಕ್ಕರೆ, ಮೀನು ಎಲ್ಲಕ್ಕೂ ಅದು ಆಹಾರ. ಎಲುಬುಗಳು ವರ್ಷಗಟ್ಟಲೆ ಕರಗುತ್ತಾ ನದಿಗೆ ರಂಜಕ ಬಿಡುತ್ತವೆ.

ಇನ್ನೊಂದು ಸಂಗತಿಯನ್ನು ಏಜೆಂಟರು ಹೇಳುವುದಿಲ್ಲ. ಮಾರಾದ ಸಿಂಹ, ಚಿರತೆ, ಚೀತಾ, ಜಿರಾಫೆ, ನೀರಾನೆಗಳು ವಲಸೆ ಹೋಗುವುದಿಲ್ಲ. ವರ್ಷವಿಡೀ ಅಲ್ಲೇ ಇರುತ್ತವೆ.

ಲೆಕ್ಕಪತ್ರ:
ಹಣದ ಲೆಕ್ಕ ನನ್ನದು. 2024ರಿಂದ ಮಸಾಯಿ ಮಾರಾದ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200. ಟಿಕೆಟ್ ಬೆಳಗಿನ ಆರರಿಂದ ಸಂಜೆ ಆರರವರೆಗೆ. ಆಗಸ್ಟ್‌ನಲ್ಲಿ ಮೂರು ದಿನವೆಂದರೆ ತಲೆಗೆ 600 ಡಾಲರ್, ಅಂದರೆ ಶುಲ್ಕವೊಂದೇ ಐವತ್ತು ಸಾವಿರ ರೂಪಾಯಿ ದಾಟುತ್ತದೆ. ಯಾವುದಾದರೂ ಪ್ಯಾಕೇಜ್ ಅಚ್ಚರಿಯಾಗುವಷ್ಟು ಅಗ್ಗವಾಗಿದ್ದರೆ ಈ ಶುಲ್ಕ ಅದರಲ್ಲಿ ಸೇರಿದೆಯೇ ಎಂದು ಮೊದಲು ಕೇಳಿ. ದರ ಬದಲಾಗುತ್ತಿರುತ್ತದೆ, ಹೊರಡುವ ವರ್ಷದ್ದನ್ನೇ ನೋಡಿಕೊಳ್ಳಿ. ಇಲ್ಲಿ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮಾರಾಟದ ಹೊತ್ತಿಗೇ ವಸೂಲು ಮಾಡುವ ತೆರಿಗೆ) ಕಡಿತವಾಗುತ್ತದೆ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಿ. ಡಾಲರ್ ನೋಟು ಒಯ್ಯುವುದಾದರೆ ಹೊಸವು ಇರಲಿ, 2013ಕ್ಕಿಂತ ಹಳೆಯ ಮುದ್ರಣದವನ್ನು ಅಲ್ಲಿ ಅನೇಕರು ಮುಟ್ಟುವುದಿಲ್ಲ.

ಮೂರನೇ ಸಾಲು:
ತಿಂಗಳು, ಉದ್ಯಾನ, ಹಣ ಎಲ್ಲ ಚರ್ಚೆಯಾಯಿತು. ಗುಂಪಿನ ಸಫಾರಿಯನ್ನು ನಿಜಕ್ಕೂ ಕೆಡಿಸುವ ಸಂಗತಿಯನ್ನು ಯಾರೂ ಎತ್ತಿಲ್ಲ: ಒಂದೇ ಗಾಡಿಯಲ್ಲಿ ಯಾರ ಜೊತೆ ಯಾರು ಕೂರುತ್ತಾರೆ ಎಂಬುದು.

ನಾನು ಹೋದ ಗುಂಪಿನಲ್ಲಿ ಏಳು ಮಂದಿಯ ವ್ಯಾನು. ಇಬ್ಬರು ಛಾಯಾಗ್ರಾಹಕರು, ಒಂದು ಕುಟುಂಬ, ಒಬ್ಬ ಹಿರಿಯ ದಂಪತಿ, ನಾನು. ಮೊದಲ ಸಿಂಹ ಕಂಡಾಗ ಎಲ್ಲರೂ ಒಂದೇ ಮನಸ್ಸು. ಐದನೆಯ ಸಿಂಹದ ಹೊತ್ತಿಗೆ ಮೂರು ಪಕ್ಷಗಳಾದವು. ಛಾಯಾಗ್ರಾಹಕರಿಗೆ ಬೆಳಕು ಬದಲಾಗುವವರೆಗೆ ಅಲ್ಲೇ ನಿಲ್ಲಬೇಕು. ಮಗುವಿಗೆ ಜಿರಾಫೆ ಬೇಕು. ಹಿರಿಯರಿಗೆ ಮೂತ್ರಕ್ಕೆ ಹೋಗಬೇಕು, ಬಾಯಿಬಿಟ್ಟು ಹೇಳಲು ಸಂಕೋಚ. ಚಾಲಕ ನಮ್ಮೆಲ್ಲರ ಮುಖವನ್ನು ಕನ್ನಡಿಯಲ್ಲಿ ನೋಡಿ ಯಾರ ಮಾತು ಕೇಳುವುದೆಂದು ತಿಳಿಯದೆ ಎಂಜಿನ್ ಚಾಲೂ ಮಾಡುವುದು, ಆರಿಸುವುದು. ಮೂರನೆಯ ದಿನ ಊಟದ ಮೇಜಿನಲ್ಲಿ ಒಬ್ಬರಿಗೊಬ್ಬರು ಮಾತಿಲ್ಲ. ಪ್ರಾಣಿಗಳೆಲ್ಲ ಚೆನ್ನಾಗಿಯೇ ಕಂಡವು ಅನ್ನಿ.

ಹಾಗಾಗಿ ನಿಮ್ಮ ಹದಿನಾಲ್ಕು ಮಂದಿಯನ್ನು ಮೈಸೂರಿನಲ್ಲೇ ಕೂರಿಸಿ ಹಂಚಿಕೊಳ್ಳಿ. ಗಂಡ ಹೆಂಡತಿ ಒಂದೇ ಗಾಡಿಯಲ್ಲಿ ಇರಬೇಕೆಂಬ ಹಟ ಬೇಡ, ಆಸಕ್ತಿ ನೋಡಿ ಹಂಚಿ. ಕಾಯುವ ತಾಳ್ಮೆಯವರು ಒಂದು ಗಾಡಿ, ಸುತ್ತಾಡುವ ಆಸೆಯವರು ಇನ್ನೊಂದು. ಏಳು ಆಸನವಿದ್ದರೂ ಐವರಿಗಿಂತ ಹೆಚ್ಚು ಕೂರಬೇಡಿ, ಪ್ರತಿಯೊಬ್ಬರಿಗೂ ಕಿಟಕಿ ಸಿಗುತ್ತದೆ, ಚೀಲಕ್ಕೂ ಜಾಗವಿರುತ್ತದೆ. ಮೇಲ್ಛಾವಣಿ ಎತ್ತುವ ಲ್ಯಾಂಡ್ ಕ್ರೂಸರ್ ಆದರೆ ಉತ್ತಮ. ವ್ಯಾನು ಮಳೆ ಬಿದ್ದ ಕಪ್ಪು ಮಣ್ಣಿನಲ್ಲಿ ಹೂತರೆ ಅರ್ಧ ದಿನ ಹೋದಂತೆಯೇ. ಆಸನವನ್ನು ದಿನಕ್ಕೊಮ್ಮೆ ಬದಲಿಸುವುದೆಂದು ಮೊದಲೇ ಒಪ್ಪಂದವಾಗಲಿ. ಚಾಲಕನೊಂದಿಗೆ ಮಾತನಾಡುವ ಹೊಣೆ ಗಾಡಿಗೆ ಒಬ್ಬರದೇ ಇರಲಿ. ಕೀನ್ಯಾದಲ್ಲಿ ಸಫಾರಿ ಮಾರ್ಗದರ್ಶಿಗಳ ವೃತ್ತಿಪರ ಸಂಘ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಎಂದು ಮೂರು ದರ್ಜೆಯ ಪದಕ ಕೊಡುತ್ತದೆ. ಬೆಳ್ಳಿ ದರ್ಜೆಯವರು ಸಿಗುತ್ತಾರೆಯೇ ಎಂದು ಏಜೆಂಟರನ್ನು ಕೇಳಿ. ಹೋಟೆಲಿನ ನಕ್ಷತ್ರಗಳಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ದೂಳು ಮತ್ತು ಬೆಳಕು:
ನಾನು ದೊಡ್ಡ ಲೆನ್ಸಿನ ಪಂಗಡದವನು. ಎಲ್ಲ ತಪ್ಪನ್ನೂ ನಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ. ಫೋಟೊ ತೆಗೆಯುವವರು ಸುಮ್ಮನೆ ಕಾಯುವುದರಿಂದಲೇ ಉಳಿದವರಿಗೂ ಬೇಟೆ ಕಾಣುವುದು. ಪ್ರಾಣಿ ಮಲಗಿದೆ ಎಂದು ಗಾಡಿ ತಿರುಗಿಸಿದವರು ಅದು ಎದ್ದಾಗ ಎಲ್ಲಿರುತ್ತಾರೆ?

ಆದರೂ ಮೂರನೇ ಸಾಲು ಅವರು ಹೇಳಿದಂತೆ ಬೇರೆ ಗಾಡಿ ಮಾಡಿಕೊಳ್ಳುವುದೇ ಮೇಲು. ಉಪಕರಣದ ಬಗ್ಗೆ: 100ರಿಂದ 400 ಮಿಲಿಮೀಟರಿನ ಒಂದು ಲೆನ್ಸು ಹೆಚ್ಚಿನ ಸಂದರ್ಭಗಳಿಗೆ ಸಾಕು. ಗಾಡಿಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಲು ಆಗುವುದಿಲ್ಲ. ಖಾಲಿ ಬಟ್ಟೆಚೀಲ ಒಯ್ಯಿರಿ, ಅಲ್ಲಿ ಅಕ್ಕಿಯನ್ನೋ ಹುರುಳಿಯನ್ನೋ ತುಂಬಿಸಿ ಛಾವಣಿಯ ಅಂಚಿನಲ್ಲಿಟ್ಟರೆ ಲೆನ್ಸಿಗೆ ಒಳ್ಳೆಯ ಆಸರೆ. ಬಯಲಿನಲ್ಲಿ ಲೆನ್ಸ್ ಬದಲಿಸಬೇಡಿ, ದೂಳು ಒಳಗೆ ಕೂರುತ್ತದೆ. ಡ್ರೋನ್ ಮನೆಯಲ್ಲೇ ಬಿಡಿ, ಅನುಮತಿಯಿಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ಹಿಡಿದಿಡುತ್ತಾರೆ. ಗೋಡೆಯ ಪ್ಲಗ್ಗು ಬ್ರಿಟನ್ ಮಾದರಿಯ ಚೌಕ ಮೂರು ಪಿನ್ನಿನದು. ಡೇರೆ ಶಿಬಿರಗಳಲ್ಲಿ ಕೆಲವೆಡೆ ವಿದ್ಯುತ್ ನಿಗದಿತ ಗಂಟೆಗಳಲ್ಲಷ್ಟೇ ಇರುವುದರಿಂದ ಹೆಚ್ಚುವರಿ ಬ್ಯಾಟರಿ ಬೇಕು.

ಜಮಖಂಡಿಯ ಟೀಚರ್:
ಹಿರಿಯರ ಪರವಾಗಿ ನಾನು ಬರೆಯುತ್ತೇನೆ, ನಿವೃತ್ತಳಾದ ಮೇಲೆ ಅಕ್ಕನ ಜೊತೆ ಹೋಗಿ ಬಂದವಳು. ಬೆನ್ನುನೋವಿನವರನ್ನು ಹಿಂದಿನ ಸಾಲಿನಲ್ಲಿ ಕೂರಿಸಬೇಡಿ, ಎಲ್ಲ ಕುಲುಕಾಟ ಅಲ್ಲೇ. ಚಾಲಕರು ಅದನ್ನು ‘ಆಫ್ರಿಕನ್ ಮಸಾಜ್’ ಎಂದು ನಗುತ್ತಾರೆ, ನಮಗೆ ರಾತ್ರಿ ನಗು ಬರುವುದಿಲ್ಲ. ಗಾಡಿಯ ಮೆಟ್ಟಿಲು ಎತ್ತರ, ಸೀರೆ ಉಟ್ಟು ಹತ್ತುವುದು ಕಷ್ಟ. ಚೂಡಿದಾರ ಅಥವಾ ಪ್ಯಾಂಟು ಇರಲಿ. ಕಡುನೀಲಿ, ಕಪ್ಪು ಬಟ್ಟೆ ಬೇಡ, ತ್ಸೆತ್ಸೆ ನೊಣಗಳು ಆ ಬಣ್ಣಕ್ಕೆ ಮುತ್ತುತ್ತವೆ. ಆಫ್ರಿಕಾ ಎಂದರೆ ಬರೀ ಸೆಕೆ ಎಂದು ತಿಳಿಯಬೇಡಿ. ಮಾರಾ ಇರುವುದೇ ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿ. ಬೆಳಗಿನ ಆರಕ್ಕೆ ತೆರೆದ ಛಾವಣಿಯಲ್ಲಿ ನಿಂತರೆ ಹಲ್ಲು ಕಟಕಟಿಸುತ್ತದೆ. ನಮ್ಮ ಅಕ್ಕ ಮಂಕಿ ಕ್ಯಾಪ್ ಹಾಕಿದ್ದನ್ನು ನೋಡಿ ನಕ್ಕ ಹುಡುಗರು ಮರುದಿನ ಟವೆಲ್ ಸುತ್ತಿಕೊಂಡು ಬಂದರು.

ಶೌಚದ ವಿಷಯ ಮುಚ್ಚಿಡುವಂಥದ್ದಲ್ಲ. ಎಲ್ಲೆಂದರಲ್ಲಿ ಇಳಿಯುವಂತಿಲ್ಲ, ಮಾರ್ಗದರ್ಶಿ ಸುತ್ತ ನೋಡಿ ಸುರಕ್ಷಿತ ಎಂದ ಜಾಗದಲ್ಲಿ ಮಾತ್ರ ಇಳಿಯಬೇಕು, ಅದೂ ಗಾಡಿಯ ಮರೆಯಲ್ಲೇ. ಇದಕ್ಕೆ ಹೆದರಿ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮಧ್ಯಾಹ್ನ ತಲೆಸುತ್ತು ಬರುತ್ತದೆ. ಮೊದಲ ದಿನವೇ ಚಾಲಕನಿಗೆ ಹೇಳಿಬಿಡಿ, ಅವರಿಗೆ ಅದು ದಿನನಿತ್ಯದ ಮಾತು.

ಮಸಾಲೆ ಡಬ್ಬಿ:
ಊಟದ ಚಿಂತೆ ಬೇಡ. ಕೀನ್ಯಾದಲ್ಲಿ ಗುಜರಾತಿಗಳು, ಪಂಜಾಬಿಗಳು ತಲೆಮಾರುಗಳಿಂದ ಇದ್ದಾರೆ. ಬ್ರಿಟಿಷರು ಮೊಂಬಾಸಾದಿಂದ ಒಳನಾಡಿಗೆ ರೈಲು ಹಾಕಿಸಲು ಮೂವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು ಕರೆದೊಯ್ದಿದ್ದರು. 1898ರಲ್ಲಿ ತ್ಸಾವೊ ಸೇತುವೆಯ ಬಳಿ ಎರಡು ಸಿಂಹಗಳು ತಿಂದವರಲ್ಲಿ ಆ ಕೂಲಿಗಳೂ ಇದ್ದರು. ಹಾಗಾಗಿ ಚಪಾತಿ, ಚಹಾ, ಸಮೋಸ ಅಲ್ಲಿನವರದೇ ತಿನಿಸುಗಳಾಗಿವೆ. ಜೈನ ಊಟವೂ ಮೊದಲೇ ತಿಳಿಸಿದರೆ ಬಹಳಷ್ಟು ಲಾಡ್ಜ್‌ಗಳಲ್ಲಿ ಸಿಗುತ್ತದೆ. ಉಗಾಲಿ ಎಂಬ ಮೆಕ್ಕೆಜೋಳದ ಮುದ್ದೆ, ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ ರುಚಿ ನೋಡದೆ ಬರಬೇಡಿ. ರಾಗಿ ಮುದ್ದೆ ನುಂಗುವವರಿಗೆ ಅದು ಸಲೀಸು.

ಆದರೆ ಚಕ್ಕುಲಿ, ಚಟ್ನಿಪುಡಿ ಕಟ್ಟುವಾಗ ನೆನಪಿರಲಿ: ಕೀನ್ಯಾ 2017ರಿಂದ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ. 2020ರಿಂದ ಉದ್ಯಾನಗಳ ಒಳಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯನ್ನೂ ಒಯ್ಯುವಂತಿಲ್ಲ. ಸ್ಟೀಲ್ ಡಬ್ಬಿ, ಬಟ್ಟೆಚೀಲ, ಸ್ಟೀಲ್ ಬಾಟಲಿ.

ನೈರೋಬಿ ನಿವಾಸಿ:
ಕಾಗದಪತ್ರಗಳು: 2024ರ ಜನವರಿಯಿಂದ ಕೀನ್ಯಾ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಕೊಡುತ್ತಿದೆ, ಹೊರಡುವ ಮೊದಲೇ ಪಡೆಯಬೇಕು. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಳ್ಳಿ. ಪ್ರಮಾಣಪತ್ರವಿಲ್ಲದೆ ಕೀನ್ಯಾದಿಂದ ಹಿಂದಿರುಗಿದವರನ್ನು ನಮ್ಮ ದೇಶದಲ್ಲೇ ಪ್ರತ್ಯೇಕವಾಗಿ ಇರಿಸುತ್ತಾರೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಮುಂಚೆಯೇ ದಿನ ಗೊತ್ತುಮಾಡಿಕೊಳ್ಳಿ. ಅರವತ್ತು ದಾಟಿದವರು ಈ ಲಸಿಕೆಗೆ ಮೊದಲು ತಮ್ಮ ವೈದ್ಯರನ್ನು ಕಾಣಲೇಬೇಕು. ಮಲೇರಿಯಾ ಮಾತ್ರೆಯ ಬಗ್ಗೆಯೂ ಆಗಲೇ ಕೇಳಿ. ವಿಮೆಯಲ್ಲಿ ವಿಮಾನದ ಮೂಲಕ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿರಲಿ.

ಸೆಕೆನಾನಿ ಗೇಟ್:
ಗಾಡಿಗಳ ನೂಕುನುಗ್ಗಲಿನ ಬಗ್ಗೆ ಹಿನ್ನೀರು ಅವರು ಹೇಳಿದ್ದು ಸುಳ್ಳಲ್ಲ. ಆಗಸ್ಟ್‌ನಲ್ಲಿ ಮಾರಾ ನದಿಯ ದಡದಲ್ಲಿ ನಾನು ಕಂಡದ್ದು ಪ್ರಾಣಿಗಳಿಗಿಂತ ಹೆಚ್ಚಾಗಿ ಗಾಡಿಗಳ ಬೆನ್ನನ್ನೇ. ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲಬಾರದು, 25 ಮೀಟರ್ ದೂರವಿರಬೇಕು ಎಂಬ ನಿಯಮಗಳಿವೆ, ಪಾಲಿಸುವವರು ಯಾರು? ನಮ್ಮ ಚಾಲಕನಿಗೆ ರೇಡಿಯೊದಲ್ಲಿ ಸುದ್ದಿ ಬಂದೊಡನೆ ಗಾಡಿಯಲ್ಲಿದ್ದ ನಮ್ಮವರೇ ‘ಬೇಗ, ಬೇಗ’ ಎಂದು ಅವನ ಬೆನ್ನು ತಟ್ಟಿದರು. 2025ರ ಜುಲೈನಲ್ಲಿ ಸೆರೆಂಗೆಟಿಯ ಉತ್ತರದಲ್ಲಿ ಪ್ರವಾಸಿಗರು ಗಾಡಿಯಿಂದ ಇಳಿದು ದಡದಲ್ಲಿ ಸಾಲುಗಟ್ಟಿ, ದಾಟಿ ಬರುವ ಪ್ರಾಣಿಗಳಿಗೆ ಅಡ್ಡ ನಿಂತ ವಿಡಿಯೊ ಎಲ್ಲರೂ ನೋಡಿದ್ದೀರಿ. ಚಾಲಕರು ನಿಯಮ ಮುರಿಯುವುದು ಬಹುಮಟ್ಟಿಗೆ ನಮ್ಮ ಬಕ್ಷೀಸಿನ ಆಸೆಗೆ. ಮೊದಲ ದಿನವೇ ‘ನಿಯಮ ಮುರಿಯುವುದು ಬೇಡ, ಬಕ್ಷೀಸು ಕಡಿಮೆಯಾಗುವುದಿಲ್ಲ’ ಎಂದು ಹೇಳಿದರೆ ಅವರಿಗೂ ನಿರಾಳ. ಗುಂಪಿನಲ್ಲಿ ಹೋದವರು ತಲೆಗೆ ದಿನಕ್ಕೆ ಹತ್ತು ಡಾಲರಿನ ಆಸುಪಾಸು ಕೊಡುವುದು ವಾಡಿಕೆ.

ಜನಜಂಗುಳಿ ಬೇಡವೆಂದರೆ ಮೀಸಲು ಪ್ರದೇಶದ ಉತ್ತರಕ್ಕಿರುವ ಕನ್ಸರ್ವೆನ್ಸಿಗಳನ್ನು ನೋಡಿ: ನಬೋಯಿಶೊ, ಒಲಾರೆ ಮೊಟೊರೊಗಿ, ಮಾರಾ ನಾರ್ತ್. ಅಲ್ಲಿನ ದನಗಾಹಿ ಜನರಾದ ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಒಟ್ಟುಗೂಡಿಸಿ ಶಿಬಿರಗಳಿಗೆ ಗುತ್ತಿಗೆ ಕೊಟ್ಟಿವೆ, ತಿಂಗಳ ಬಾಡಿಗೆ ನೇರವಾಗಿ ಭೂಮಾಲೀಕರಿಗೆ ಹೋಗುತ್ತದೆ. ಡೇರೆಗಳ ಸಂಖ್ಯೆಗೆ ಮಿತಿ ಇದೆ, ಅಲ್ಲಿ ತಂಗಿದವರ ಗಾಡಿಗಳಿಗೆ ಮಾತ್ರ ಪ್ರವೇಶ. ರಾತ್ರಿ ಸಫಾರಿ, ಕಾಲ್ನಡಿಗೆ ಎರಡೂ ಇವೆ. ದರ ಹೆಚ್ಚು, ಚಿಕ್ಕ ಮಕ್ಕಳನ್ನು ಕೆಲವು ಶಿಬಿರಗಳು ಒಪ್ಪುವುದಿಲ್ಲ, ಕೇಳಿಕೊಳ್ಳಿ.

ಮೂರನೇ ಸಾಲು:
ಮಸಾಯಿ ಹಳ್ಳಿಯ ಭೇಟಿ ಎಂದು ಎಲ್ಲ ಪ್ಯಾಕೇಜುಗಳಲ್ಲೂ ಇರುತ್ತದೆ. ತಲೆಗೆ ಇಷ್ಟು ಡಾಲರ್, ಜಿಗಿತದ ಕುಣಿತ, ಕಡ್ಡಿ ಉಜ್ಜಿ ಬೆಂಕಿ, ಕೊನೆಗೆ ಮಣಿಸರದ ಅಂಗಡಿ. ನನಗೆ ಅದು ಮುಜುಗರ ತಂದಿತು. ಜನರನ್ನೂ ಪ್ರಾಣಿಗಳಂತೆ ನೋಡಿ ಬಂದ ಹಾಗೆ.

ಜಮಖಂಡಿಯ ಟೀಚರ್:
ನನಗೆ ಹಾಗೆ ಅನ್ನಿಸಲಿಲ್ಲ ತಮ್ಮಾ. ಅಲ್ಲಿನ ಹೆಂಗಸರು ಸಗಣಿ, ಮಣ್ಣು ಬೆರೆಸಿ ಕಟ್ಟಿದ ಮನೆಯನ್ನು ತೋರಿಸಿ ನಮ್ಮನ್ನೂ ನೂರು ಪ್ರಶ್ನೆ ಕೇಳಿದರು: ಎಷ್ಟು ಹಸು, ಎಷ್ಟು ಮಕ್ಕಳು, ಹಣೆಗೆ ಏನು ಹಚ್ಚಿದ್ದೀರಿ. ಹಸುವಿನ ಮಾತು ಬಂದರೆ ನಮಗೂ ಅವರಿಗೂ ಭಾಷೆಯೇ ಬೇಡ. ಹಣ ಹಳ್ಳಿಗೆ ತಲುಪುತ್ತದೆಯೋ ಚಾಲಕ ಅರ್ಧ ಇಟ್ಟುಕೊಳ್ಳುತ್ತಾನೋ ಎಂಬುದನ್ನು ವಿಚಾರಿಸಬೇಕು, ಅಷ್ಟು ನಿಜ.

ಮಳೆಮಾಪಕ:
ಇಬ್ಬರ ಮಾತಿಗೂ ಹಿನ್ನೆಲೆಯೊಂದಿದೆ. ಸೆರೆಂಗೆಟಿಯೊಳಗೆ ವಾಸವಿದ್ದ ಮಸಾಯಿಗಳನ್ನು 1959ರಲ್ಲಿ ಹೊರಗೆ ಕಳುಹಿಸಿ ಎನ್ಗೊರೊಂಗೊರೊದಲ್ಲಿ ನೆಲೆಗೊಳಿಸಿದರು. ಈಗ ಅಲ್ಲಿಂದಲೂ ಸ್ಥಳಾಂತರದ ಒತ್ತಡವಿದೆ. ನಾಗರಹೊಳೆಯ ಜೇನುಕುರುಬರ ವಿಷಯ ಬಲ್ಲ ನಮಗೆ ಇದು ಅಪರಿಚಿತ ಕಥೆಯಲ್ಲ. ಜನರೇ ಇಲ್ಲದ ಕಾಡು ಎಂದು ಕರಪತ್ರಗಳು ತೋರಿಸುವ ಬಯಲು ನೂರಾರು ವರ್ಷ ದನಗಾಹಿಗಳು ಓಡಾಡಿದ ನೆಲ.

ಹಿನ್ನೀರು:
ಇಷ್ಟೆಲ್ಲ ಓದಿದ ಮೇಲೆ ನನ್ನ ಹೆಂಡತಿ ಕಬಿನಿ ಸಾಕು ಎಂಬ ನನ್ನ ವಾದವನ್ನು ಕೇಳಿಸಿಕೊಳ್ಳುತ್ತಲೇ ಇಲ್ಲ. ಇದಕ್ಕೆ ಯಾರು ಹೊಣೆ?

ಕುಕ್ಕರಹಳ್ಳಿ ಕೆರೆ:
ಎಲ್ಲರಿಗೂ ಕೃತಜ್ಞತೆ. ನಿನ್ನೆ ಸಂಜೆ ಬಳಗದ ಸಭೆ ನಡೆಯಿತು. ಆಗಸ್ಟ್ ಬಿಟ್ಟು ಶಾಲೆಯ ದಸರಾ ರಜೆಗೆ ಮುಂದೂಡಿದ್ದೇವೆ: ವಲಸೆ ಇನ್ನೂ ಮಾರಾದಲ್ಲಿ ಇರಬಹುದು, ಜನ ಕಡಿಮೆ. ‘ಜಂಬೂಸವಾರಿಯ ಸಮಯದಲ್ಲಿ ಮೈಸೂರು ಬಿಟ್ಟು ಆನೆ ನೋಡಲು ಆಫ್ರಿಕಾಕ್ಕೆ ಹೋಗುವುದೇ’ ಎಂದು ಇಬ್ಬರು ಸಿಟ್ಟಾಗಿ ಹೆಸರು ಹಿಂತೆಗೆದುಕೊಂಡರು, ಈಗ ಹನ್ನೆರಡು ಮಂದಿ. ಬಂದಿಳಿದ ರಾತ್ರಿ ನೈರೋಬಿಯಲ್ಲಿ ವಿಶ್ರಾಂತಿ, ನಕುರುವಿನಲ್ಲಿ ಒಂದು ರಾತ್ರಿ, ಮಾರಾದಲ್ಲಿ ನಾಲ್ಕು. ಅಂಬೋಸೆಲಿ ಕೈಬಿಟ್ಟೆವು. ಖಾತರಿಯನ್ನು ಬರೆದುಕೊಡಿ ಎಂದಾಗ ಏಜೆಂಟರು ಆ ಸಾಲನ್ನೇ ಅಳಿಸಿದ ಹೊಸ ಕರಪತ್ರ ಕಳುಹಿಸಿದರು. ಮೂರು ಲ್ಯಾಂಡ್ ಕ್ರೂಸರ್, ಗಾಡಿಗೆ ನಾಲ್ವರು. ಈಗ ಉಳಿದಿರುವ ಜಗಳ ಒಂದೇ: ಮೂರನೆಯ ಗಾಡಿಯ ಹೆಚ್ಚುವರಿ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕೋ, ಕ್ಯಾಮೆರಾದವರೇ ಹೊರಬೇಕೋ?

ದೂಳು ಮತ್ತು ಬೆಳಕು:
ಎಲ್ಲರಿಗೂ ಕಿಟಕಿ ಸಿಗುವುದರಿಂದ ಎಲ್ಲರೂ ಹಂಚಿಕೊಳ್ಳಬೇಕು.

ಲೆಕ್ಕಪತ್ರ:
ಗಾಡಿ ಬಾಡಿಗೆ, ಇಂಧನ, ಚಾಲಕನ ಊಟ ವಸತಿ ಮೂರನ್ನೂ ಒಟ್ಟು ಮಾಡಿ ಹನ್ನೆರಡರಿಂದ ಭಾಗಿಸಿ. ಕ್ಯಾಮೆರಾದವರು ಬೇರೆಯವರಿಗಿಂತ ಮುಂಚೆ ಹೊರಟು ತಡವಾಗಿ ಬರುವ ದಿನಗಳಿಗೆ ಚಾಲಕನಿಗೆ ಕೊಡುವ ಹೆಚ್ಚಿನ ಬಕ್ಷೀಸು ಅವರದೇ. ಹಣ ಕಟ್ಟುವ ಮೊದಲು ಒಪ್ಪಂದದಲ್ಲಿ ‘ಲ್ಯಾಂಡ್ ಕ್ರೂಸರ್, ಗಾಡಿಗೆ ನಾಲ್ವರು, ಪ್ರವೇಶ ಶುಲ್ಕ ಸೇರಿದೆ’ ಎಂಬ ಮೂರೂ ಮಾತುಗಳು ಇವೆಯೇ ನೋಡಿ. ‘ಅಥವಾ ಅದಕ್ಕೆ ಸಮಾನವಾದ ವಾಹನ’ ಎಂಬ ಸಾಲು ಇದ್ದರೆ ಹೊಡೆದುಹಾಕಿಸಿ, ವ್ಯಾನು ಬರುವುದು ಆ ಸಾಲಿನ ಮೂಲಕವೇ.